ಪ್ಯಾಕೆಟ್ಟಿನ ಸಾಂಬಾರ್ ಪುಡಿ ಯಾವ ಕಡೆಯದು?

ಉಡುಪಿ ಕಡೆಯ ತಿಳಿಸಾರಿಗೆ ಮೈಸೂರು ಕಡೆಯ ಹುಳಿಪುಡಿ, ಅಂದರೆ ಅಲ್ಲಿನ ಸಾಂಬಾರ್ ಪುಡಿ, ಹಾಕಿ ಕುದಿಸಿದರೆ ಸಾರು ಮಂದವಾಗಿ ಬಿಡುತ್ತದೆ. ಅದಕ್ಕೆ ಕಾರಣ ಪುಡಿಯೊಳಗಿನ ಬೇಳೆ.

ಹಳೇ ಮೈಸೂರಿನ ಹುಳಿಪುಡಿಗೆ 1 ಲೋಟ ಕೊತ್ತಂಬರಿ ಬೀಜಕ್ಕೆ ಕಾಲು ಲೋಟ ಕಡಲೆಬೇಳೆ, 2 ಚಮಚ ಉದ್ದಿನಬೇಳೆ, 1 ಚಮಚ ಮೆಂತ್ಯ, ಬಣ್ಣಕ್ಕೆ 20 ಬ್ಯಾಡಗಿ, ಖಾರಕ್ಕೆ ನಾಲ್ಕೈದು ಗುಂಟೂರು ಮೆಣಸಿನಕಾಯಿ, ಒಂದು ತುಂಡು ಚಕ್ಕೆ. ಕುದಿಯುವಾಗ ಬೇಳೆಯ ಪಿಷ್ಟ ನೀರು ಹೀರಿ ಹುಳಿಯನ್ನು ಗಟ್ಟಿ ಮಾಡುತ್ತದೆ. ಕುದಿಯುವ ಪಾತ್ರೆಗೆ ಪುಡಿಯನ್ನು ನೇರವಾಗಿ ಉದುರಿಸಿದರೆ ಗಂಟು ಕಟ್ಟುತ್ತದೆ. ತಣ್ಣನೆಯ ಹುಣಸೆರಸದಲ್ಲಿ ಕದಡಿಯೇ ಹಾಕಬೇಕು. ಕೈಯಾಡಿಸದೆ ಬಿಟ್ಟರೆ ತಳ ಹಿಡಿಯುತ್ತದೆ.

ಉಡುಪಿಯ ಸಾರಿನ ಪುಡಿಗೆ ಬೇಳೆಯೇ ಇಲ್ಲ. 1 ಲೋಟ ಕೊತ್ತಂಬರಿ, ಕಾಲು ಲೋಟ ಜೀರಿಗೆ, 1 ದೊಡ್ಡ ಚಮಚ ಮೆಂತ್ಯ, 25 ಬ್ಯಾಡಗಿ, ಹಿಡಿ ಕರಿಬೇವು, ಇಂಗು. ಒಂದೊಂದನ್ನೂ ಬೇರೆ ಬೇರೆಯಾಗಿ, ತುಸು ತೆಂಗಿನೆಣ್ಣೆಯಲ್ಲಿ ಹುರಿಯಬೇಕು. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿದರೆ ಕೊತ್ತಂಬರಿ ಹದಕ್ಕೆ ಬರುವಷ್ಟರಲ್ಲಿ ಮೆಂತ್ಯ ಕಪ್ಪಾಗಿರುತ್ತದೆ. ಆ ಕಹಿಯನ್ನು ಎಷ್ಟು ಬೆಲ್ಲ ಹಾಕಿದರೂ ಮುಚ್ಚಲಾಗದು. ಮೆಂತ್ಯ ಕೆಂಪಾಗುತ್ತಿದ್ದಂತೆ ಇಳಿಸಿ. ಬಿಸಿಯಿರುವಾಗಲೇ ಡಬ್ಬಿಗೆ ತುಂಬಿದರೆ ಮುಚ್ಚಳದಲ್ಲಿ ಹನಿಗಟ್ಟಿ ಪುಡಿ ಮುದ್ದೆಯಾಗುತ್ತದೆ. ಕರಾವಳಿಯ ಕೊದ್ದೆಲು ಎಂಬ ತೆಂಗಿನಕಾಯಿ ಹುಳಿಯ ರುಚಿಯಂತೂ ಹುರಿದ ಮಸಾಲೆಯನ್ನು ಹಸಿ ತೆಂಗಿನಕಾಯಿ ಜೊತೆ ಅಂದಂದೇ ರುಬ್ಬುವುದರಲ್ಲಿದೆ. ಅದನ್ನು ಪ್ಯಾಕೆಟ್ಟಿನಲ್ಲಿ ಹುಡುಕುವುದು ವ್ಯರ್ಥ.

ಉತ್ತರ ಕರ್ನಾಟಕದ ಮಸಾಲೆಖಾರದ ಜಾತಿಯೇ ಬೇರೆ: ಉಳ್ಳಾಗಡ್ಡಿ, ಬಳ್ಳೊಳ್ಳಿ, ಒಣಕೊಬ್ಬರಿ, ಎಳ್ಳು, ಗಸಗಸೆ, ಲವಂಗ. ಹೆಚ್ಚಿದ ಉಳ್ಳಾಗಡ್ಡಿಯನ್ನು ಬಿಸಿಲಿಗೆ ಒಣಗಿಸಿ, ಎಣ್ಣೆಯಲ್ಲಿ ಗರಿಗರಿಯಾಗುವ ತನಕ ಕರಿಯಬೇಕು. ಒಳಗೆ ಪಸೆ ಉಳಿದರೆ ಬೂಷ್ಟು ಖಂಡಿತ. ಕೊಬ್ಬರಿ ಹಳತಾದರೆ ಕಮಟು ವಾಸನೆ ಬರುತ್ತದೆ, ಹಾಗಾಗಿ ಕೊಬ್ಬರಿಯನ್ನು ಬೇಕಾದಾಗಲೇ ಕುಟ್ಟಿ ಬೆರೆಸುವುದು ಲೇಸು. ಬದನೆಕಾಯಿ ಎಣ್ಣೆಗಾಯಿಗೆ ಇದನ್ನು ಬಿಟ್ಟರೆ ಬೇರೆ ಪುಡಿಯಿಲ್ಲ. ತೊಗರಿಬೇಳೆ ತಿಳಿಸಾರಿಗೆ ಹಾಕಿದರೆ ಲವಂಗದ ಘಾಟು ಮಿಕ್ಕೆಲ್ಲವನ್ನೂ ನುಂಗುತ್ತದೆ.

ಅಂಗಡಿಯಲ್ಲಿ ಕೊಳ್ಳುವಾಗ ಮುಂದಿನ ಚಿತ್ರ ಬಿಡಿ, ಹಿಂಬದಿಯ ಪದಾರ್ಥಗಳ ಪಟ್ಟಿ ಓದಿ. ತೂಕದಲ್ಲಿ ಹೆಚ್ಚಿರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಅಚ್ಚಾಗಿರುತ್ತದೆ. ಕೊತ್ತಂಬರಿ, ಮೆಣಸಿನಕಾಯಿಯ ಬೆನ್ನಿಗೇ ಕಡಲೆಬೇಳೆ ಇದ್ದರೆ ಅದು ಗಟ್ಟಿ ಹುಳಿಗೆ. ಉಪ್ಪು ಪಟ್ಟಿಯಲ್ಲಿದ್ದರೆ ಅಡುಗೆಗೆ ಹಾಕುವ ಉಪ್ಪು ಕಡಿಮೆ ಮಾಡಿ.