ನಮ್ ನೀರು ಹೆಂಗೈತೆ?

ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅನ್ನುವುದು ಹೊಸ ಸುದ್ದಿಯೇನಲ್ಲ. ಬಂಡೆಯ ಸೀಮೆ, ಮಳೆ ಕಡಿಮೆ. ಆಳದ ನೀರು ವರ್ಷಗಟ್ಟಲೆ ಬಂಡೆಯ ಸಂದಿಯಲ್ಲೇ ಇದ್ದು ಅದರೊಳಗಿನ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಕುಡಿಯುವ ನೀರಿನ ಫ್ಲೋರೈಡ್‌ಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಇಟ್ಟಿರುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಸಿಗದಿದ್ದರೆ 1.5.

ಪಿಎಚ್‌ಡಿ ಕೆಲಸಕ್ಕೆ ಅಲ್ಲಿನ ಒಂದು ಹಳ್ಳಿಗೆ ಎರಡನೇ ಸುತ್ತಿನ ಸ್ಯಾಂಪಲ್ ತರಲು ಹೋಗಿದ್ದೆ. ಮೊದಲ ಸುತ್ತಿನ ರಿಸಲ್ಟ್ ಮೊಬೈಲ್‌ನಲ್ಲೇ ಇತ್ತು. ನಮ್ಮ ಗೈಡ್ ಮೊದಲೇ ಹೇಳಿದ್ದರು, "ಇನ್ನೊಂದು ಸಲ ಟೆಸ್ಟ್ ಆಗೋವರೆಗೂ ಯಾರಿಗೂ ಹೇಳಬೇಡ." ಅವರ ಮಾತಿನಲ್ಲೂ ನ್ಯಾಯವಿತ್ತು. ಬೇಸಿಗೆಗೂ ಮಳೆಗಾಲಕ್ಕೂ ಲೆಕ್ಕ ಬದಲಾಗುತ್ತದೆ. ಒಂದೇ ಸಲದ ರಿಸಲ್ಟ್ ನಂಬಿ ಊರನ್ನು ಹೆದರಿಸಬಾರದು, ಅಲ್ವಾ?

ಆದರೆ ಮೊದಲ ಮನೆಯಲ್ಲೇ ಆ ತಾಯಿ ಕೇಳಿಬಿಟ್ಟರು. "ಹೋದ್ಸಲ ಬಾಟ್ಲಿಲಿ ತುಂಬ್ಕೊಂಡು ಹೋದ್ರಲ್ಲ ಮೇಡಂ, ನಮ್ ನೀರು ಹೆಂಗೈತೆ?"

ಅವರ ಬೋರ್‌ವೆಲ್‌ನಲ್ಲಿ 3ರ ಮೇಲೆ ಬಂದಿತ್ತು. ಪಕ್ಕದಲ್ಲಿ ನಿಂತಿದ್ದ ಮಗಳ ಹಲ್ಲಿನ ಮೇಲೆ ಕಂದು ಪಟ್ಟೆ. ಹಲ್ಲು ಬೆಳೆಯುವ ವಯಸ್ಸಿನಲ್ಲಿ ಫ್ಲೋರೈಡಿನಿಂದ ಬಿದ್ದ ಈ ಕಲೆ ಉಜ್ಜಿದರೆ ಹೋಗುವುದಿಲ್ಲ. ಸೊಂಟದ ಮೇಲೆ ಇನ್ನೊಂದು ಕೂಸಿತ್ತು.

"ರಿಪೋರ್ಟ್ ಇನ್ನೂ ಪೂರ್ತಿ ಆಗಿಲ್ಲಮ್ಮ" ಅಂದೆ. ಅದು ಸುಳ್ಳೂ ಅಲ್ಲ. "ಪರವಾಗಿಲ್ಲ ಬಿಡಿ, ಮಕ್ಕಳಿಗೆ ಚೆನ್ನಾಗಿ ಕುದಿಸೇ ಕೊಡ್ತೀನಿ" ಅಂದರು.

ಅಲ್ಲಿಗೆ ನನ್ನಿಂದ ಸುಮ್ನಿರಲು ಆಗಲಿಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನೂ ಹೆಚ್ಚುತ್ತದೆ. ಆಕೆ ಸೌದೆ ಒಟ್ಟಿ ದಿನಾ ಮಾಡುತ್ತಿದ್ದ ಕೆಲಸ ಇದು. ಲೆಕ್ಕ ಹೇಳಿದೆ. ಒಂದೇ ಸಲದ ಟೆಸ್ಟ್ ಅಂತಲೂ ಹೇಳಿದೆ. ಕುಡಿಯಲು, ಅಡುಗೆಗೆ ಫಿಲ್ಟರ್ ನೀರೇ ತನ್ನಿ ಅಂದೆ. "ಕಾಯಿನ್ ಹಾಕೋ ಮಿಷನ್ ಕೆಟ್ಟು ಎಷ್ಟು ದಿನ ಆಯ್ತು ಗೊತ್ತಾ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಸುದ್ದಿ ನನಗಿಂತ ಮುಂಚೆ ಅರಳಿಕಟ್ಟೆಗೆ ತಲುಪಿತ್ತು. ಅಲ್ಲಿದ್ದ ಹಿರಿಯರೊಬ್ಬರು ಕೂರಿಸಿಕೊಂಡು ಮಾತಾಡಿದರು. "ಬರೀರಮ್ಮ, ಬೇಡ ಅನ್ನಲ್ಲ. ಊರ ಹೆಸರು ಮಾತ್ರ ಹಾಕ್ಬೇಡಿ. ಈಗ್ಲೇ ಹೆಣ್ಣು ಕೊಡಾಕೆ ಹಿಂದುಮುಂದು ನೋಡ್ತಾರೆ." ನಮ್ಮ ಒಪ್ಪಿಗೆ ಫಾರ್ಮ್‌ನಲ್ಲೂ ಗುಟ್ಟು ಕಾಪಾಡುತ್ತೇವೆ ಅಂತಲೇ ಇದೆ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ವ್ಯಕ್ತಿಯ ಜೊತೆ ಸಮುದಾಯಕ್ಕೂ ಕೆಟ್ಟ ಹೆಸರು ಬರದಂತೆ ನೋಡಿಕೊಳ್ಳಿ ಅನ್ನುತ್ತದೆ. ಓದುವಾಗ ಎಲ್ಲವೂ ಸರಿಯಾಗಿಯೇ ಕಂಡಿತ್ತು.

ಹೊರಡುವಾಗ ಆ ತಾಯಿ ಬಸ್‌ಸ್ಟಾಪಿನವರೆಗೂ ಬಂದರು. ಹಿರಿಯರ ಮಾತು ಅವರಿಗೂ ಗೊತ್ತಾಗಿತ್ತು. "ಹೆಸರು ಹಾಕಿ ಮೇಡಂ. ಹೆಸರೇ ಇಲ್ದಿದ್ರೆ ಮಿಷನ್ ರಿಪೇರಿ ಮಾಡಾಕೆ ಯಾವೂರಿಗೆ ಬರ್ತಾರೆ?"

ಗೈಡ್ ಮೊದಲು ಬೈದರು. ಆಮೇಲೆ ಪ್ರತಿ ಮನೆಗೂ ಅದರದ್ದೇ ರಿಸಲ್ಟನ್ನು ಕನ್ನಡದಲ್ಲಿ ಬರೆದು ಕೊಡಲು ಒಪ್ಪಿ, ಸಹಿಯನ್ನೂ ಹಾಕಿದರು. ಬೇಕಾದವರು ಅದನ್ನು ಪಂಚಾಯಿತಿಗೆ ಒಯ್ಯಲಿ. ಸಂಶೋಧನಾ ಪೇಪರ್‌ನಲ್ಲಿ ಮಾತ್ರ ಆ ಊರು ಸದ್ಯಕ್ಕೆ 'ಹಳ್ಳಿ 4'. ಹೆಸರು ಹಾಕುವುದೋ ಬಿಡುವುದೋ ಇನ್ನೂ ತೀರ್ಮಾನವಾಗಿಲ್ಲ. ಒಪ್ಪಿಗೆ ಪತ್ರಗಳ ಕಟ್ಟಿನಲ್ಲಿ ಆ ಹಿರಿಯರ ಸಹಿಯೂ ಇದೆ, ಆ ತಾಯಿಯ ಹೆಬ್ಬೆಟ್ಟೂ ಇದೆ.