ಟ್ಯಾಗ್ ಕಟ್ಟಿದ ತೆನೆ

ಮೇಷ್ಟ್ರು ಹೋದರು ಅಂತ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಓದಿದಾಗ ನನಗೆ ಮೊದಲು ನೆನಪಾಗಿದ್ದು ಬೆಳಸೆ. ಎಳೆ ರಾಗಿ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಬೆಲ್ಲ ಕಾಯಿತುರಿ ಕಲಸಿ ತಿನ್ನುವ ಬೆಳಸೆ.

1987ರ ಅಕ್ಟೋಬರ್. ನಾವು ಓದುತ್ತಿದ್ದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, ಜಿಕೆವಿಕೆಯ ಕೆಮ್ಮಣ್ಣಿನ ತಾಕುಗಳಲ್ಲಿ ರಾಗಿ ಹಾಲುಗಾಳಾಗಿತ್ತು. ಹಳ್ಳಿ ಹುಡುಗರು ನಾವು, ಬಾಯಿ ಕೇಳಬೇಕಲ್ಲ. ಮೂವರು ಕತ್ತಲಲ್ಲಿ ತಳಿ ವಿಭಾಗದ ತಾಕಿಗೆ ನುಗ್ಗಿದೆವು. ತಿಂದು ಮುಗಿದ ಮೇಲೆ ಬೂದಿಯಲ್ಲಿ ಅರ್ಧ ಸುಟ್ಟ ಟ್ಯಾಗ್ ಸಿಕ್ಕಿತು. ಮೇಷ್ಟ್ರ ಕೈಬರಹ!

ನಾವು ತಿಂದಿದ್ದು ಅವರ ಕ್ರಾಸು, ಅಂದ್ರೆ ಹೊಸ ತಳಿಗೆಂದು ಎರಡು ರಾಗಿ ಗಿಡ ಕೂಡಿಸಿ ಕಟ್ಟಿದ್ದ ತೆನೆ. ರಾಗಿ ಹೂವು ತೀರಾ ಸಣ್ಣದು. ಬೆಳಗಿನ ಜಾವ ಅರಳಿ, ತನ್ನ ಪರಾಗದಿಂದಲೇ ಕಾಳು ಕಟ್ಟಿಕೊಳ್ಳುತ್ತದೆ. ಅದಕ್ಕೇ ಮೇಷ್ಟ್ರು ಹಸಿರು ಗಿಡದ ತೆನೆಗೆ ನೇರಳೆ ಗಿಡದ ತೆನೆಯನ್ನು ಒತ್ತಿ ದಾರ ಕಟ್ಟುತ್ತಿದ್ದರು. ಅಷ್ಟು ಕಾಳಿನಲ್ಲಿ ಒಂದೋ ಎರಡೋ ಕೂಡಿದರೆ ಪುಣ್ಯ. ಮುಂದಿನ ಬೆಳೆಯಲ್ಲಿ ಹಸಿರು ತಾಯಿಯ ಮರಿ ಗೆಣ್ಣಿನಲ್ಲಿ ನೇರಳೆ ತೋರಿಸಿದರೆ ಕ್ರಾಸು ಕೂತಿದೆ ಅಂತ ಲೆಕ್ಕ.

ಮರುದಿನ ನಾನೇ ಹೋಗಿ ಒಪ್ಪಿಕೊಂಡೆ. (ಉಳಿದಿಬ್ಬರು ತಾವೂ ಬಂದಿದ್ದೆವು ಅಂತಾರೆ, ಇರಲಿ.) ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಬೆಲ್ಲ ಎಲ್ಲಿಂದ ತಂದ್ರೋ?" ಅಂದರು. ಆಮೇಲೆ, "ಮುಂದಿನ ಸಲ ಹೂ ಬಂದಾಗ ಬೆಳಗಿನ ಜಾವ ನಾಲ್ಕಕ್ಕೆ ತಾಕಲ್ಲಿರು."

ಟಾರ್ಚ್ ಹಿಡಿದು ಹೋದರೆ, ಅವರು ಆಗಲೇ ಮಫ್ಲರ್ ಸುತ್ತಿಕೊಂಡು ಬದುವಿನ ಮೇಲೆ ಕೂತಿದ್ದರು. ದಾರ ಕಟ್ಟುತ್ತಾ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ಲಕ್ಷ್ಮಣಯ್ಯನವರ ಕಥೆ ಹೇಳುತ್ತಿದ್ದರು. ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಪುಣ್ಯಾತ್ಮ. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ನಾನು ಕಟ್ಟಿದ ಏಳು ತೆನೆಯಿಂದ ಮೂರು ನೇರಳೆ ಗಿಡ ಬಂದವು. ಬ್ಯಾಚಿನಲ್ಲಿ ಇನ್ಯಾರಿಗೂ ಬಂದಿರಲಿಲ್ಲ. ಹೇಳಿಕೊಳ್ಳಬಾರದು, ಆದರೂ ಹೇಳ್ತೀನಿ. ಆ ವರ್ಷದ ಪಾಠ ಮಾತ್ರ ಒಂದೂ ನೆನಪಿಲ್ಲ.

ಅಣ್ಣನ ಮಗಳು ಈಗ ಬೇರೆ ಕಡೆ ಬಿಎಸ್ಸಿ ಅಗ್ರಿ ಓದುತ್ತಿದ್ದಾಳೆ. ಕ್ರಾಸಿಂಗ್ ವಿಡಿಯೊದಲ್ಲಿ ನೋಡಿದಳಂತೆ. ನಮಗಿಂತ ಚುರುಕು, ಡಿಎನ್‌ಎ ಮಾರ್ಕರ್ ಬಗ್ಗೆ ಗಂಟೆಗಟ್ಟಲೆ ಹೇಳ್ತಾಳೆ. ಆದರೆ ಕೈಗೆ ರಾಗಿ ಸುಣೆ ತಾಗದೆ ಅದೆಂಥ ಪ್ರಾಕ್ಟಿಕಲ್ಲೋ! ಬೆಳಸೆ ಅಂದ್ರೇನು ಅಂತ ಬೇರೆ ಕೇಳಿದಳು.

ಆ ಸುಟ್ಟ ಟ್ಯಾಗು ಮೇಷ್ಟ್ರು ನಿವೃತ್ತರಾಗುವವರೆಗೂ ಅವರ ಮೇಜಿನ ಗಾಜಿನ ಕೆಳಗೇ ಇತ್ತು. ಹೊಸ ಹುಡುಗರು ಕೇಳಿದರೆ, "ಇಲಿ ತಿಂತು ಕಣ್ರೋ, ಸುಟ್ಕೊಂಡು" ಅನ್ನುತ್ತಿದ್ದರಂತೆ.