ಧ್ಯಾನ ಮಾಡುವವರು ನೀವೇ ಹೀಗೆ ಅತ್ತರೆ ಹೇಗೆ?

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ, ಅಂದರೆ ನಮ್ಮ ವಾಣಿವಿಲಾಸ ಸಾಗರ ಜಲಾಶಯ, ತುಂಬಿ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ನೋಡಲು ಹೊರಟಿತ್ತು. ನಾವು ಶಿಕ್ಷಕರೂ ಒಂದು ಭಾನುವಾರ ಟೆಂಪೊ ಮಾಡಿಕೊಂಡು ಚಿತ್ರದುರ್ಗದಿಂದ ಹೋದೆವು. ಉಳಿದವರೆಲ್ಲ ಮೊಬೈಲ್ ಎತ್ತಿ ಹಿಡಿದು ನೀರಿನ ಫೋಟೊ ತೆಗೆಯುತ್ತಿದ್ದರೆ ನಾನು ಒಂದು ಬದಿಗೆ ನಿಂತು ಅತ್ತೆ. ಸೆರಗಿನಲ್ಲಿ ಒರೆಸಿಕೊಂಡು ಮುಗಿಸುವಂಥ ಅಳುವಲ್ಲ, ಬಿಕ್ಕಿ ಬಿಕ್ಕಿ. ಅಂದು ನಮ್ಮ ಕನ್ನಡ ಮೇಷ್ಟ್ರು ಕೇಳಿದ್ದನ್ನು ಆಮೇಲೆ ಎದುರುಮನೆಯವರೂ ಕೇಳಿದರು, ನೆಂಟರೂ ಕೇಳಿದರು, ಈಗಲೂ ಯಾರಾದರೂ ಕೇಳುತ್ತಲೇ ಇರುತ್ತಾರೆ: “ದಿನವೂ ಧ್ಯಾನ ಮಾಡುವವರು ನೀವು, ನೀವೇ ಹೀಗೆ ಅತ್ತರೆ ಹೇಗೆ ಮೇಡಂ?”

ಪ್ರಶ್ನೆಯ ಹಿಂದೆ ಒಂದು ನಂಬಿಕೆ ಇದೆ. ಧ್ಯಾನವೆಂದರೆ ಮನಸ್ಸಿನ ಸುತ್ತ ಕಟ್ಟಿಕೊಳ್ಳುವ ಗೋಡೆ ಎಂಬ ನಂಬಿಕೆ. ಚಿತ್ರದುರ್ಗದವಳಾಗಿ ನಾನಿಲ್ಲಿ ಏಳು ಸುತ್ತಿನ ಕೋಟೆ, ಓಬವ್ವನ ಕಿಂಡಿ ಎಂದು ಉಪಮೆ ಕೊಡಬೇಕಿತ್ತು. ಕೊಡುವುದಿಲ್ಲ. ಆ ಕಿಂಡಿಯಲ್ಲಿ ಹೈದರಾಲಿಯ ಸೈನಿಕರಿಗಿಂತ ನಮ್ಮೂರಿನ ಭಾಷಣಕಾರರೇ ಹೆಚ್ಚು ನುಸುಳಿದ್ದಾರೆ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹಿಂದೊಮ್ಮೆ ತಿಂಗಳುಗಟ್ಟಲೆ ನಿದ್ದೆ ಬಾರದೆ ಒದ್ದಾಡಿದಾಗ ಹತ್ತು ದಿನಗಳ ವಿಪಸ್ಸನಾ ಧ್ಯಾನ ಶಿಬಿರಕ್ಕೆ ಹೋಗಿದ್ದೆ. ಬರ್ಮಾದಲ್ಲಿ ಕಲಿತ ಎಸ್. ಎನ್. ಗೋಯೆಂಕಾ 1969ರಲ್ಲಿ ಭಾರತಕ್ಕೆ ತಂದ ಪದ್ಧತಿ ಅದು. ಮಾತಿಲ್ಲ, ಮೊಬೈಲಿಲ್ಲ, ಮೊದಲ ಮೂರು ದಿನ ಮೂಗಿನ ಬಳಿ ಬಂದು ಹೋಗುವ ಉಸಿರನ್ನು ಗಮನಿಸುವುದಷ್ಟೇ ಕೆಲಸ. ಆ ಮೂರು ದಿನ ನನ್ನ ತಲೆಯಲ್ಲಿ ಇದ್ದದ್ದು ಚೀಟಿಯ ಕಂತು, ಮನೆಯಲ್ಲಿ ಬಿಟ್ಟು ಬಂದ ಮೊಸರು. ಉಸಿರನ್ನೇ ಏಕೆ ಹಿಡಿದರು ಎಂಬುದು ಎಷ್ಟೋ ದಿನಗಳ ಮೇಲೆ ತರಗತಿಯಲ್ಲಿ ಪಾಠ ಮಾಡುತ್ತಿರುವಾಗ ಹೊಳೆಯಿತು. ಹೃದಯ ನಮ್ಮ ಮಾತು ಕೇಳುವುದಿಲ್ಲ. ಕೈ ನಾವು ಎತ್ತದೆ ಏಳುವುದಿಲ್ಲ. ಉಸಿರು ಮಾತ್ರ ತಾನಾಗಿಯೂ ನಡೆಯುತ್ತದೆ, ನಾವು ನಡೆಸಿದಂತೆಯೂ ನಡೆಯುತ್ತದೆ.

ಈ ಅಭ್ಯಾಸಕ್ಕೆ ಹಳೆಯ ಬೌದ್ಧ ಗ್ರಂಥಗಳ ಭಾಷೆಯಾದ ಪಾಳಿಯಲ್ಲಿ ‘ಸತಿ’ ಎನ್ನುತ್ತಾರೆ. ಸಂಸ್ಕೃತದ ಸ್ಮೃತಿಯೇ ಅದು, ಮೂಲದಲ್ಲಿ ನೆನಪು ಎಂದರ್ಥ. ನೆನಪಿಗೂ ಉಸಿರು ನೋಡುವುದಕ್ಕೂ ಏನು ಸಂಬಂಧ ಎಂದು ನಾನು ತಲೆ ಕೆಡಿಸಿಕೊಂಡಿದ್ದೆ. ಉತ್ತರ ಕನ್ನಡದಲ್ಲೇ ಇತ್ತು. ಎಚ್ಚರ ತಪ್ಪಿದರೆ ನಾವು ‘ಮೈಮರೆತ’ ಎನ್ನುತ್ತೇವೆ. ಹಾಲು ಉಕ್ಕಿಸಿದರೆ, ಕೊಡ ಎತ್ತಿ ಹಾಕಿದರೆ ನಮ್ಮಜ್ಜಿ “ಮೈಮೇಲೆ ಗ್ಯಾನ ಇಲ್ಲವೇನೇ?” ಎಂದು ಗದರುತ್ತಿದ್ದಳು. ಶಿಬಿರದ ಹತ್ತು ದಿನಗಳ ಪಾಠವನ್ನು ಅವಳು ಒಂದೇ ವಾಕ್ಯದಲ್ಲಿ, ಅದೂ ಸೌಟು ಹಿಡಿದುಕೊಂಡು ಹೇಳುತ್ತಿದ್ದಳು.

ಅಮೆರಿಕದ ಆಸ್ಪತ್ರೆಗಳಿಗೆ ಇದು ಹೊಕ್ಕಿದ್ದು 1979ರಲ್ಲಿ, ಜಾನ್ ಕಬಾಟ್-ಜಿನ್ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಶುರುಮಾಡಿದ ತರಬೇತಿಯಿಂದ. ಮೊದಮೊದಲು ಅಲ್ಲಿಗೆ ಬಂದವರಲ್ಲಿ ಬಹಳ ಮಂದಿ ವಾಸಿಯಾಗದ ನೋವಿನ ರೋಗಿಗಳು. ನೋವನ್ನು ತೆಗೆದುಬಿಡುತ್ತೇನೆಂದು ಆತ ಅವರಿಗೆ ಹೇಳಲಿಲ್ಲ, ಅದರ ಜೊತೆ ಕೂರಲು ಕಲಿಸಿದ. ಈಗ ಮೊಬೈಲಿನಲ್ಲಿ ಬರುವ ‘ಹತ್ತು ನಿಮಿಷದಲ್ಲಿ ಪರಮ ಶಾಂತಿ’ ಜಾಹೀರಾತುಗಳಿಗೆ ಈ ಕಥೆ ಗೊತ್ತಿದ್ದಂತಿಲ್ಲ.

ಇನ್ನು ಅಳುವಿನ ವಿಷಯ.

ನಮ್ಮಪ್ಪ ಹಿರಿಯೂರು ತಾಲ್ಲೂಕಿನ ರೈತ, ಹುಟ್ಟಿದ್ದು 1938ರಲ್ಲಿ. ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ ಪೂರ್ತಿಯಾದದ್ದು 1907ರಲ್ಲಿ. ಅದು ಮೊದಲ ಬಾರಿ ಕೋಡಿ ಬಿದ್ದದ್ದು 1933ರಲ್ಲಿ, ಅಂದರೆ ಅಪ್ಪ ಹುಟ್ಟುವುದಕ್ಕೆ ಐದು ವರ್ಷ ಮೊದಲು. ಬುತ್ತಿ ಕಟ್ಟಿಕೊಂಡು ಗಾಡಿಯಲ್ಲಿ ಹೋಗಿ ನೋಡಿ ಬಂದಿದ್ದನ್ನು ನಮ್ಮಜ್ಜಿ ಎಷ್ಟು ಸಲ ಹೇಳಿದ್ದಳೋ, ಅಪ್ಪನಿಗೆ ತಾನೇ ಕಂಡಷ್ಟು ನೆನಪು. ಒಮ್ಮೆ ನಿಜವಾಗಿ ನೋಡಬೇಕು ಎಂಬುದು ಅವರ ಜೀವಮಾನದ ಆಸೆ. ಮಳೆಗಾಲದಲ್ಲಿ ಪತ್ರಿಕೆ ಬಂದೊಡನೆ ಮೊದಲು ಹುಡುಕುತ್ತಿದ್ದದ್ದು ಡ್ಯಾಂ ಮಟ್ಟ. ತುಂಬಲು 130 ಅಡಿ ಬೇಕು. ಕ್ಯಾಲೆಂಡರಿನ ಚೌಕಗಳಲ್ಲಿ ಪೆನ್ಸಿಲಿನಿಂದ ಅಡಿ ಬರೆದಿಡುತ್ತಿದ್ದರು. ಬರಗಾಲದ ವರ್ಷಗಳಲ್ಲೂ ಬರೆದರು, ಇಳಿಯುವುದನ್ನೂ ಬರೆದರು.

2021ರ ಅಕ್ಟೋಬರಿನಲ್ಲಿ ತೀರಿಕೊಂಡರು. ಹನ್ನೊಂದು ತಿಂಗಳಿಗೆ ಕೋಡಿ ಬಿತ್ತು, 89 ವರ್ಷಗಳ ಮೇಲೆ.

“ಪುಣ್ಯ ಇರಲಿಲ್ಲ” ಎಂದರು ಬಂಧುಗಳು. ನನಗೆ ಆ ಮಾತು ಸೇರುವುದಿಲ್ಲ. ಎಂಬತ್ತಮೂರು ವರ್ಷ ಮಣ್ಣು ಕೆದಕಿ ನಮ್ಮನ್ನು ಸಾಕಿದ ಮನುಷ್ಯನ ಪುಣ್ಯದ ಲೆಕ್ಕ ಇವರಿಗೆ ಯಾರು ಕೊಟ್ಟರು? ಆ ವರ್ಷ ಹುಚ್ಚು ಮಳೆ, ಜೊತೆಗೆ ಭದ್ರೆಯಿಂದ ಹರಿಸಿದ ನೀರು. ಜಲಾಶಯ ತುಂಬಿದ್ದಕ್ಕೆ ಕಾರಣವನ್ನು ನಾನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಬಲ್ಲೆ. ಹನ್ನೊಂದು ತಿಂಗಳು ತಡವಾಗಿ ಏಕೆ ಎಂಬುದಕ್ಕೆ ಬರೆಯಲು ಏನೂ ಇಲ್ಲ. ಆ ಜಾಗವನ್ನು ಪುಣ್ಯ, ಹಣೆಬರಹ ಎಂದು ತುಂಬದೆ ಖಾಲಿಯಾಗಿ ಬಿಟ್ಟಿದ್ದೇನೆ.

ಆದರೆ ನಾನು ಅತ್ತದ್ದು ಅದಕ್ಕಲ್ಲ. ಅಪ್ಪನ ಕೊನೆಯ ವಾರ. ಅಂದು ಬೆಳಿಗ್ಗೆಯೂ ಒಂದು ಗಂಟೆ ಕಣ್ಣು ಮುಚ್ಚಿ ಕುಳಿತು ಎದ್ದಿದ್ದೆ. ಅಪ್ಪ ಮಂಚದಿಂದಲೇ “ಡ್ಯಾಂ ಎಷ್ಟಾಯಿತಮ್ಮ?” ಎಂದು ಕೇಳಿದರು. ಪತ್ರಿಕೆ ಪಕ್ಕದ ಮೇಜಿನ ಮೇಲೇ ಇತ್ತು. ನಾನು ಮೊಬೈಲಿನಲ್ಲಿ ಶಾಲೆಯ ಯಾವುದೋ ಸುತ್ತೋಲೆ ನೋಡುತ್ತಿದ್ದೆ. ತಲೆ ಎತ್ತದೆ “ಆಮೇಲೆ ನೋಡಿ ಹೇಳುತ್ತೇನಪ್ಪ” ಎಂದೆ. ಹೇಳಲಿಲ್ಲ. ಅವರು ಮತ್ತೆ ಕೇಳಲಿಲ್ಲ.

ಕೋಡಿಯ ನೀರಿನ ಸದ್ದಿನಲ್ಲಿ ನನಗೆ ಕೇಳಿಸಿದ್ದು ಆ ಪ್ರಶ್ನೆ. ಧ್ಯಾನ ಕಲಿಯದಿದ್ದರೆ ಬಹುಶಃ ನಾನೂ ‘ಅಪ್ಪನಿಗೆ ಪುಣ್ಯ ಇರಲಿಲ್ಲ’ ಎಂದೇ ಅತ್ತು ಹಗುರವಾಗುತ್ತಿದ್ದೆ. ಅಂದು ಎದೆಯಲ್ಲಿ ಏಳುತ್ತಿದ್ದದ್ದು ಏನೆಂದು ಸ್ಪಷ್ಟವಾಗಿ ಕಂಡಿತು, ಅದಕ್ಕೇ ಅಷ್ಟು ಜೋರಾಗಿ ಅತ್ತೆ. ಮೇಷ್ಟ್ರಿಗೆ ಇದನ್ನು ಹೇಳಿದಾಗ, “ಹಾಗಾದರೆ ಕಲಿಯದಿರುವುದೇ ವಾಸಿ” ಎಂದರು. ಇರಬಹುದು.

ಬುದ್ಧನ ಕೊನೆಗಾಲ ಹತ್ತಿರವಾದಾಗ ಶಿಷ್ಯ ಆನಂದ ಬಾಗಿಲಿಗೆ ಒರಗಿ ಅಳುತ್ತ ನಿಂತನೆಂದು ಆ ದಿನಗಳ ಕಥೆ ಹೇಳುವ ಪಾಳಿ ಗ್ರಂಥ ಮಹಾಪರಿನಿಬ್ಬಾಣ ಸುತ್ತ ಹೇಳುತ್ತದೆ. 25 ವರ್ಷ ಬುದ್ಧನ ಬೆನ್ನಿಗಿದ್ದವನು. ಬುದ್ಧ ಅವನನ್ನು ಕರೆಸಿ, ಸಮಾಧಾನ ಹೇಳಿ, ನೀನು ನನ್ನನ್ನು ಪ್ರೀತಿಯಿಂದ ನೋಡಿಕೊಂಡೆ ಎಂದು ಹೊಗಳಿದ. ಆನಂದ ಆಗಿನ್ನೂ ಅರಹಂತನಾಗಿರಲಿಲ್ಲ, ಅಂದರೆ ಪೂರ್ಣ ಮುಕ್ತಿ ಪಡೆದವನಾಗಿರಲಿಲ್ಲ, ಅದಕ್ಕೇ ಅತ್ತ ಎಂದು ತಿಳಿದವರು ವಿವರಿಸುತ್ತಾರೆ. ಸರಿ, ನಾನೂ ಆಗಿಲ್ಲ.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು. ಈ ಸಲ ತಂಗಿಯ ಜೊತೆ ಹೋದೆ. ಅಳು ಬರುತ್ತದೆಂದು ಎರಡು ಕರ್ಚೀಫು ಇಟ್ಟುಕೊಂಡಿದ್ದೆ. ಎಷ್ಟು ಹೊತ್ತು ನಿಂತರೂ ಬರಲಿಲ್ಲ. ನೀರು ಚೆನ್ನಾಗಿತ್ತು, ಬಿಸಿಲೂ ಹಿತವಾಗಿತ್ತು. ಅಲ್ಲೇ ಮಂಡಕ್ಕಿ ಮೆಣಸಿನಕಾಯಿ ತಿಂದೆವು. ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು ಸುರಿಯಿತು. ತಂಗಿ ಏನೂ ಮಾತನಾಡದೆ ನನ್ನ ಬೆನ್ನು ಸವರತೊಡಗಿದಳು. ಖಾರಕ್ಕೆ ಕಣೇ ಎಂದು ನಾನು ಹೇಳಲಿಲ್ಲ.